ಅಂಗಳದ ಅಟ್ಟಣೆಗೆ ಯಾವ ಮರ?

ಜೋಗಿಮಟ್ಟಿಯ ತಪ್ಪಲಿನಿಂದ ಮಾರಿಕಣಿವೆಯವರೆಗೆ, ಹೊಸದುರ್ಗ ಹೊಳಲ್ಕೆರೆಗಳ ತೋಟದ ಮನೆಗಳಲ್ಲಿ, ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಬಯಕೆ ಕಾಣಿಸಿಕೊಂಡಿದೆ. ಮನೆಯ ಮುಂದೆಯೋ ಹಿಂದೆಯೋ ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಮರದ ಹಲಗೆಗಳ ಒಂದು ಹಾಸು, ಅದರ ಮೇಲೆ ನಾಲ್ಕು ಕುರ್ಚಿ, ಎದುರಿಗೆ ಬೆಟ್ಟ. ಇದನ್ನು ‘ಡೆಕ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳುವ ಮಕ್ಕಳು ಅದನ್ನು ಕೇಳುತ್ತಾರೆ. ಹೋಂಸ್ಟೇ ನಡೆಸಲು ಹೊರಟವರಂತೂ ಅದಿಲ್ಲದೆ ಅತಿಥಿಗಳು ಬರುವುದಿಲ್ಲವೆಂದೇ ನಂಬಿದ್ದಾರೆ. ಪರಿಸರದ ಕೆಲಸ ಮಾಡುವ ನಮ್ಮಂಥವರು ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ನನ್ನ ಅಭಿಪ್ರಾಯ ಬೇರೆ. ಮರದ ಅಟ್ಟಣೆಯನ್ನು ಕಟ್ಟುವುದು ತಪ್ಪಲ್ಲ. ಯಾವ ಮರದಿಂದ, ಎಲ್ಲಿಂದ ತಂದ ಮರದಿಂದ, ಯಾವ ವಿಷವನ್ನು ಸವರಿ ಕಟ್ಟುತ್ತೇವೆ ಎಂಬಲ್ಲಿಯೇ ಎಲ್ಲ ಪ್ರಶ್ನೆಯೂ ಅಡಗಿದೆ.

ಅಟ್ಟಣೆ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಜೋಳದ ಹೊಲದ ನಡುವೆ ನಾಲ್ಕು ಗಳ ನೆಟ್ಟು, ಮೇಲೆ ಅಡ್ಡಗಳ ಹಾಸಿ, ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ನಮ್ಮ ಹಿರಿಯರಿಗೆ ಡೆಕ್ ಎಂಬುದು ಹೊಸ ಸಂಗತಿಯಲ್ಲ. ಇನ್ನು ನಮ್ಮ ಬಯಲುಸೀಮೆಯ ಮಾಳಿಗೆ ಮನೆಯನ್ನು ನೋಡಿ. ಅಡಿಗಲ್ಲಿನ ಮೇಲೆ ನಿಂತ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಇಲ್ಲವೇ ಸೀಳಿದ ಚಕ್ಕೆ, ಅದರ ಮೇಲೆ ಸೊಪ್ಪು, ಕೊನೆಗೆ ನೀರನ್ನು ಸುಲಭವಾಗಿ ಇಳಿಯಗೊಡದ ಕರಲು ಮಣ್ಣು. ಹಗಲಿನಲ್ಲಿ ಅಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು. ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಅಲ್ಲಿಯೇ ಮಲಗುತ್ತಿದ್ದರು. ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದ್ದು ಅಂದಕ್ಕಾಗಿ ಅಲ್ಲ, ಗೆದ್ದಲಿಗೆ ಹೆದರಿ. ಈ ಒಂದು ಅಂಶವನ್ನು ಮರೆತು ಕಟ್ಟಿದ ಎಷ್ಟೋ ಹೊಸ ಡೆಕ್‌ಗಳ ಕಾಲು ಮೂರು ಮಳೆಗಾಲ ಕಳೆಯುವುದರೊಳಗೆ ಪುಡಿಯಾಗಿವೆ.

ಇಳಿಜಾರಿನ ನೆಲದಲ್ಲಿ ಮನೆ ಕಟ್ಟುವವರು ಅಂಗಳ ಮಾಡಿಕೊಳ್ಳಲು ಮೊದಲು ಕರೆಯುವುದು ಜೆ.ಸಿ.ಬಿ.ಯನ್ನು. ಅದು ಅರ್ಧ ದಿನದಲ್ಲಿ ಗುಡ್ಡದ ಮಗ್ಗುಲನ್ನು ಕಡಿದು ಸಮತಟ್ಟು ಮಾಡಿಕೊಟ್ಟು ಹೋಗುತ್ತದೆ. ಮರುವರ್ಷ ಒಂದು ದೊಡ್ಡ ಮಳೆ ಬಂದರೆ ಕಡಿದ ಮಗ್ಗುಲಿನ ಕೆಂಪು ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ನಮ್ಮ ಜಿಲ್ಲೆಗೆ ಬೀಳುವುದು ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸಿನ ಮಳೆ, ಅದೂ ಹಿಂಗಾರಿನಲ್ಲಿ ಕೆಲವೇ ರಭಸದ ಸುರಿತಗಳಾಗಿ ಬರುವುದುಂಟು. ಇಂಥ ಮಳೆಯಲ್ಲಿ ಕಡಿದ ಗುಡ್ಡ ನಿಲ್ಲುವುದಿಲ್ಲ. ಕಾಲುಗಳ ಮೇಲೆ ನಿಂತ ಅಟ್ಟಣೆಯಾದರೋ ನೆಲವನ್ನು ಇದ್ದಂತೆಯೇ ಬಿಡುತ್ತದೆ. ಕೆಳಗೆ ಹುಲ್ಲು ಬೆಳೆಯುತ್ತದೆ, ನೀರು ತನ್ನ ದಾರಿಯಲ್ಲಿ ಹರಿಯುತ್ತದೆ. ಸಮತಟ್ಟಾದ ಅಂಗಳವಿರುವವರಿಗೆ ನಾನು ಅಟ್ಟಣೆಯನ್ನು ಶಿಫಾರಸು ಮಾಡುವುದಿಲ್ಲ. ಅವರಿಗೆ ಕಲ್ಲು ಚಪ್ಪಡಿಯ ಜಗಲಿಯೇ ತಂಪು, ಅಗ್ಗ, ಮತ್ತು ಮೊಮ್ಮಕ್ಕಳ ಕಾಲದವರೆಗೆ ಬಾಳಿಕೆ. ಬೆಟ್ಟದ ಮಗ್ಗುಲಿನವರಿಗೆ ಮಾತ್ರ ಈ ಮಾತು.

ಈಗ ಮಾರುಕಟ್ಟೆಗೆ ಬರೋಣ. ಬೆಂಗಳೂರಿನ ಅಂಗಡಿಯಲ್ಲಿ ಡೆಕ್ ಕೇಳಿದರೆ ಮೊದಲು ತೋರಿಸುವುದು ‘ಇಪೆ’ ಎಂಬ ಬ್ರೆಜಿಲ್ ಕಡೆಯ ಮರವನ್ನು, ಇಲ್ಲವೇ ಬರ್ಮಾ ತೇಗವನ್ನು, ಇಲ್ಲವೇ ನ್ಯೂಜಿಲೆಂಡಿನ ಪೈನನ್ನು. ಇಪೆ ಅಮೆಜಾನ್ ಕಾಡಿನಲ್ಲಿ ಒಂದೆಡೆ ಗುಂಪಾಗಿ ಬೆಳೆಯುವ ಮರವಲ್ಲ. ಅಲ್ಲೊಂದು ಇಲ್ಲೊಂದು ನಿಂತಿರುತ್ತದೆ. ಆ ಒಂದು ಮರವನ್ನು ತಲುಪಲು ಕಾಡಿನೊಳಗೆ ದಾರಿ ಕಡಿಯುತ್ತಾರೆ. ಆ ದಾರಿಯಲ್ಲಿ ಉಳಿದ ಕಳ್ಳರೂ ದನಗಾವಲಿನವರೂ ಒಳನುಗ್ಗುತ್ತಾರೆ. ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೆಯ ಪಟ್ಟಿಗೆ ಈ ಮರ 2024ರ ನವೆಂಬರಿನಲ್ಲಿ ಸೇರಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಮ್ಯಾನ್ಮಾರ್ ದೇಶವು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಆ ಬಳಿಕವೂ ‘ಅಸಲಿ ಬರ್ಮಾ ದಿಮ್ಮಿ’ ಎಂದು ಎದೆ ತಟ್ಟಿ ಹೇಳುವ ವ್ಯಾಪಾರಿಯನ್ನು, ಅದು ಯಾವ ವರ್ಷ ಯಾವ ಹಡಗಿನಲ್ಲಿ ಬಂತೆಂದು ಕೇಳುವ ಹಕ್ಕು ಕೊಳ್ಳುವವನಿಗೆ ಇದೆ.

ನಮ್ಮ ರಾಜ್ಯದ ಕಾಡನ್ನು ಉಳಿಸಲು 1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಕಾಡಿನ ಮರ ಕಡಿತಕ್ಕೆ ಕಡಿವಾಣ ಹಾಕಿತು. ಇವೆಲ್ಲ ಸರಿಯೇ. ಆದರೆ ನಮ್ಮ ಕಾಡನ್ನು ಉಳಿಸಿಕೊಂಡು, ಬೇಕಾದ ಮರವನ್ನು ಬ್ರೆಜಿಲಿನ ಆದಿವಾಸಿಯ ಕಾಡಿನಿಂದ ತರಿಸಿಕೊಂಡರೆ ನಾವು ಯಾವ ಚಳವಳಿಯ ಮಕ್ಕಳು?

ಇನ್ನು ಪೈನ್ ಮರದ ವಿಷಯ. ಅದು ಮೆದು ಮರ. ಗೆದ್ದಲಿಗೆ ಅಕ್ಕರೆಯ ಊಟ. ಆದ್ದರಿಂದ ಅದಕ್ಕೆ ಔಷಧ ಹಾಕಲೇಬೇಕು. ಇಲ್ಲಿ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಇತಿಹಾಸವಿದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಈ ಮೂರನ್ನು ಸೇರಿಸಿ ಮರದೊಳಗೆ ಒತ್ತಡದಿಂದ ತುಂಬಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ಭಾರತೀಯರೇ ಆದ ಸೋಂಟಿ ಕಾಮೇಶಂ. ಕಂಡುಹಿಡಿದದ್ದು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ. ರಸಾಯನ ವಿಜ್ಞಾನದ ದೃಷ್ಟಿಯಿಂದ ಅದು ದೊಡ್ಡ ಸಾಧನೆಯೇ. ವಿದ್ಯುತ್ ಕಂಬ, ರೈಲು ಹಳಿಯ ಅಡಿಮರ, ಬೇಲಿಗೂಟ ಎಲ್ಲವೂ ಅದರಿಂದ ಹಲವು ದಶಕ ಬಾಳಿದವು. ಮುಂದೆ ಅಮೆರಿಕದಲ್ಲಿ ಲಕ್ಷಾಂತರ ಮನೆಗಳ ಡೆಕ್‌ಗಳು, ಮಕ್ಕಳ ಆಟದ ಚೌಕಟ್ಟುಗಳು ಇದೇ ಹಸಿರು ಛಾಯೆಯ ಮರದಿಂದ ಎದ್ದವು. ಮಳೆ ಬಿದ್ದಂತೆಲ್ಲ ಆರ್ಸೆನಿಕ್ ಸ್ವಲ್ಪ ಸ್ವಲ್ಪವಾಗಿ ಕೆಳಗಿನ ಮಣ್ಣಿಗೆ ಇಳಿಯುತ್ತದೆ, ಹಲಗೆಯ ಮೇಲೆ ಆಡುವ ಮಗುವಿನ ಅಂಗೈಗೂ ಹತ್ತುತ್ತದೆ ಎಂಬುದು ಸ್ಪಷ್ಟವಾದ ಮೇಲೆ, 2003ರ ಕೊನೆಯ ಹೊತ್ತಿಗೆ ಅಲ್ಲಿ ಮನೆಬಳಕೆಗೆ ಅದನ್ನು ನಿಲ್ಲಿಸಲಾಯಿತು. ಹೀಗಿರುವಾಗ ನಮ್ಮ ತೋಟದ ಮನೆಯಲ್ಲಿ, ತೆರೆದ ಬಾವಿಯ ಹತ್ತಿರ, ಕೋಳಿ ಮೇಯುವ ಅಂಗಳದಲ್ಲಿ ಅದನ್ನು ತಂದು ನಿಲ್ಲಿಸುವುದೇಕೆ? ‘ಟ್ರೀಟೆಡ್’ ಎಂಬ ಮಾತಷ್ಟೇ ಸಾಲದು. ಯಾವ ಔಷಧದಿಂದ ಎಂದು ಬರೆಸಿಕೊಳ್ಳಬೇಕು. ಅಂಥ ಮರದ ಚೂರುಗಳನ್ನು ಸ್ನಾನದ ಹಂಡೆಯ ಒಲೆಗೆ ಹಾಕುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಹೊಗೆಯಲ್ಲಿಯೂ ಬೂದಿಯಲ್ಲಿಯೂ ಆರ್ಸೆನಿಕ್ ಇರುತ್ತದೆ, ಆ ಬೂದಿ ಕೊನೆಗೆ ಹೋಗುವುದು ತಿಪ್ಪೆಗೆ.

ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಅಚ್ಚು ಹಾಕಿದ ಹಲಗೆಯನ್ನು ‘ಪರಿಸರಸ್ನೇಹಿ’ ಎಂದು ಮಾರುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದರ ಮೇಲೆ ಬರಿಗಾಲಿನಲ್ಲಿ ಒಮ್ಮೆ ನಿಂತು ನೋಡಿದರೆ ಹೆಚ್ಚಿನ ವಾದ ಬೇಕಾಗುವುದಿಲ್ಲ. ಹಳತಾದ ಮೇಲೆ ಅದು ಮರವಾಗಿ ಮಣ್ಣಿಗೂ ಸೇರುವುದಿಲ್ಲ, ಪ್ಲಾಸ್ಟಿಕ್ಕಾಗಿ ಗುಜರಿಗೂ ಸೇರುವುದಿಲ್ಲ.

ಹಾಗಾದರೆ ಯಾವ ಮರ? ಮೊದಲನೆಯದು, ಈಗಾಗಲೇ ಕಡಿದಾಗಿರುವ ಮರ. ಪ್ರತಿ ಹಳ್ಳಿಯಲ್ಲೂ ಮಾಳಿಗೆ ಮನೆಗಳು ಬೀಳುತ್ತಿವೆ. ಅವುಗಳ ಜಾಗದಲ್ಲಿ ಆರ್.ಸಿ.ಸಿ. ಮನೆಗಳು ಏಳುತ್ತಿವೆ. ಬಿದ್ದ ಮನೆಯ ಬೇವಿನ ಜಂತೆ, ಕರಿಜಾಲಿಯ ಕಂಬ, ಎಲ್ಲೋ ಒಂದೆರಡು ತೇಗದ ತೊಲೆ ಹೊರಗೆ ಮಳೆಯಲ್ಲಿ ಬಿದ್ದಿರುತ್ತವೆ. ಬಹಳಷ್ಟು ಸೌದೆಯಾಗುತ್ತದೆ. ಒಳ್ಳೆಯದನ್ನು ಹಳೆಮರದ ವ್ಯಾಪಾರಿ ಬೆಂಗಳೂರಿಗೆ ಸಾಗಿಸುತ್ತಾನೆ. ಅಲ್ಲಿ ಅದು ‘ಪುರಾತನ’ ಎಂಬ ಹೆಸರಿನಲ್ಲಿ ಮರುಮಾರಾಟವಾಗುತ್ತದೆ. ಐವತ್ತು ವರ್ಷ ಒಲೆಯ ಹೊಗೆ ಕುಡಿದು ಒಣಗಿದ ಮರಕ್ಕಿಂತ ಹದವಾದ ಮರ ಯಾವ ಅಂಗಡಿಯಲ್ಲಿ ಸಿಕ್ಕೀತು? ಅಟ್ಟಣೆಯ ತೊಲೆಗಳಿಗೆ ಇದೇ ಶ್ರೇಷ್ಠ. ಮೊಳೆಗಳನ್ನು ಕೀಳುವ ತಾಳ್ಮೆ ಮಾತ್ರ ಬೇಕು. ಇಲ್ಲದಿದ್ದರೆ ಮಿಲ್ಲಿನವನ ಗರಗಸ ಹಾಳಾಗಿ ಬೈಗುಳ ಕೇಳಬೇಕಾದೀತು.

ಎರಡನೆಯದು ಬಳ್ಳಾರಿ ಜಾಲಿ. ಈ ಮಾತಿಗೆ ಹಲವರು ನಗಬಹುದು. ಕೆರೆಯಂಗಳ ನುಂಗಿದ, ಗೋಮಾಳ ನುಂಗಿದ, ದನದ ಕಾಲಿಗೂ ಟ್ರ್ಯಾಕ್ಟರಿನ ಟಯರಿಗೂ ಮುಳ್ಳು ಚುಚ್ಚುವ ಆ ಗಿಡದಿಂದ ಮನೆಯ ಅಂದದ ಅಟ್ಟಣೆಯೇ? ಹೌದು. ಮೆಕ್ಸಿಕೋ, ದಕ್ಷಿಣ ಅಮೆರಿಕಗಳ ಕಡೆಯ ಈ ಮರದ ಬೀಜ 1877ರ ಸುಮಾರಿಗೆ ಜಮೈಕಾದಿಂದ ಕಡಪ ಪ್ರದೇಶಕ್ಕೆ ಬಂತು. ಒಣನೆಲಕ್ಕೆ ಸೌದೆ ಕೊಡುತ್ತದೆಂದು ತಂದದ್ದು. ಅದು ತನ್ನ ಮಾತು ಉಳಿಸಿಕೊಂಡಿತು, ಬೇಡವಾದಷ್ಟು ಉಳಿಸಿಕೊಂಡಿತು. ನಾವು ಅದನ್ನು ಸೌದೆ ಮತ್ತು ಇದ್ದಿಲು ಎಂದಷ್ಟೇ ತಿಳಿದಿದ್ದೇವೆ. ಆದರೆ ಅದರ ತಿರುಳು ಗಟ್ಟಿ, ಭಾರ, ಕೆಂಪು ಕಂದು ಬಣ್ಣದ್ದು. ಅದರ ಹತ್ತಿರದ ಬಂಧುವಾದ ‘ಮೆಸ್ಕೀಟ್’ ಮರವನ್ನು ಅಮೆರಿಕದ ಟೆಕ್ಸಾಸಿನಲ್ಲಿ ಮನೆಯ ನೆಲಕ್ಕೆ ಹಾಸುತ್ತಾರೆ; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಸ್ಯಾನ್ ಆಂಟೋನಿಯೊ ನಗರದ ಬೀದಿಗೇ ಅದರ ತುಂಡುಗಳನ್ನು ಹಾಸಿದ್ದರು. ಕುದುರೆಗಾಡಿ ಓಡಾಡಿದ ಹಾಸು ನಮ್ಮ ನಾಲ್ಕು ಕುರ್ಚಿಗಳನ್ನು ತಾಳಲಾರದೇ? ಮರ ಒಣಗುವಾಗ ಕುಗ್ಗಿ ಸೊಟ್ಟಗಾಗುವುದೇ ಹಲಗೆಯ ದೊಡ್ಡ ರೋಗ. ಮೆಸ್ಕೀಟ್ ಕುಗ್ಗುವುದು ತೇಗಕ್ಕಿಂತಲೂ ಕಡಿಮೆ.

ಇದರ ದೋಷ ಆಕಾರದಲ್ಲಿದೆ. ಉದ್ದನೆಯ ನೇರ ಕಾಂಡ ಸಿಗುವುದಿಲ್ಲ. ಎರಡು ಮೂರು ಅಡಿಯ ತುಂಡುಗಳೇ ಹೆಚ್ಚು. ಆದ್ದರಿಂದ ಹತ್ತು ಅಡಿಯ ಹಲಗೆಯ ಆಸೆಯನ್ನು ಬಿಟ್ಟು, ಗಿಡ್ಡ ಹಲಗೆಗಳನ್ನು ಇಟ್ಟಿಗೆಯ ವರಸೆಯಂತೆ ಸಂದು ತಪ್ಪಿಸಿ ಕೂರಿಸಬೇಕು. ಪ್ರತಿ ತುಂಡಿನ ಎರಡೂ ತುದಿ ಜಂತೆಯ ಮೇಲೆಯೇ ಬರಬೇಕು. ಹೊರಗಿನ ಬಿಳಿಮರಕ್ಕೆ ಕೊರೆಹುಳು ಬೀಳುತ್ತದೆ. ಅದನ್ನು ಪೂರ್ತಿ ಕೆತ್ತಿ ತೆಗೆದು ತಿರುಳನ್ನಷ್ಟೇ ಬಳಸಬೇಕು. ಲೆಕ್ಕವನ್ನೂ ನೋಡೋಣ. ಹತ್ತು ಅಡಿಗೆ ಹನ್ನೆರಡು ಅಡಿಯ ಅಟ್ಟಣೆಗೆ ಒಂದಂಗುಲ ದಪ್ಪದ ಹಲಗೆ ಹಾಕಿದರೆ ಹತ್ತು ಘನ ಅಡಿ ಮರ. ಒಂದೂವರೆ ಅಡಿಗೆ ಒಂದರಂತೆ ಎರಡಂಗುಲ ನಾಲ್ಕಂಗುಲದ ಒಂಬತ್ತು ಜಂತೆಗಳಿಗೆ ಇನ್ನೈದು ಘನ ಅಡಿ. ಜಂತೆಯನ್ನು ಹಳೆಮನೆಯ ಮರದಲ್ಲಿ ಮುಗಿಸಿದರೆ ಉಳಿಯುವುದು ಹಲಗೆಯ ಹತ್ತು ಘನ ಅಡಿ. ಸೊಟ್ಟ ಕಾಂಡದಲ್ಲಿ ಅರ್ಧಕ್ಕರ್ಧ ಪೋಲಾಗುತ್ತದೆಂದುಕೊಂಡರೂ ಇಪ್ಪತ್ತು ಘನ ಅಡಿ ದಿಮ್ಮಿ ಸಾಕು. ನಮ್ಮ ಯಾವ ಕೆರೆಯಂಗಳದಲ್ಲಿ ಅಷ್ಟು ಬಳ್ಳಾರಿ ಜಾಲಿ ಇಲ್ಲ?

ಹೊಸದುರ್ಗ, ಹಿರಿಯೂರಿನ ಕಡೆಯವರಿಗೆ ತೆಂಗು ಇದೆ. ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೆ ಮುಂಚಿನ ಬರಗಾಲದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ ಎಷ್ಟು ತೋಟಗಳು ತಲೆ ಕಳಚಿಕೊಂಡು ನಿಂತವೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಬೊಡ್ಡೆಗಳು ಇಟ್ಟಿಗೆ ಗೂಡಿಗೆ ಹೋದವು. ವಯಸ್ಸಾದ ತೆಂಗಿನ ಕಾಂಡದ ಹೊರಸುತ್ತು ಒಳ್ಳೆಯ ಗಟ್ಟಿಮರಕ್ಕೆ ಸಮ. ನಡುವಿನದು ಮಾತ್ರ ಬೆಂಡು. ಕಾಂಡದ ಕೆಳಭಾಗದ ಹೊರಸುತ್ತಿನಿಂದ ಕೊಯ್ದ ಹಲಗೆ ನೆಲಕ್ಕೆ ಚೆನ್ನಾಗಿ ಒದಗುತ್ತದೆ. ಫಿಲಿಪೀನ್ಸ್ ದೇಶದವರು ಮುದಿ ತೆಂಗನ್ನು ದೊಡ್ಡ ಪ್ರಮಾಣದಲ್ಲಿ ಹೀಗೆಯೇ ಮರದಂತೆ ಬಳಸುತ್ತಾರೆ. ಒಂದು ಎಚ್ಚರಿಕೆ: ತೆಂಗಿನ ಮರ ಮಣ್ಣು ಮುಟ್ಟಿದರೆ, ಮಳೆಯಲ್ಲಿ ನೆನೆಯುತ್ತಿದ್ದರೆ ಬೇಗ ಕೊಳೆಯುತ್ತದೆ. ಮೇಲೆ ಹೆಂಚಿನ ಚಾವಣಿ ಇರುವ ಕಡೆಗೆ ಮಾತ್ರ ಅದು ಸರಿ. ಹೊಳಲ್ಕೆರೆಯ ಅಡಿಕೆ ತೋಟದವರು ದಬ್ಬೆಯನ್ನು ಹಾಸುವುದುಂಟು; ಖರ್ಚಿಲ್ಲ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬದಲಾಯಿಸಿದರೆ ತಪ್ಪೇನು? ಹಳೆಯದು ತೋಟಕ್ಕೇ ಗೊಬ್ಬರವಾಗುತ್ತದೆ.

ನೀಲಗಿರಿಯನ್ನು ನಾನು ಒಪ್ಪುವುದಿಲ್ಲ. 1987ರಲ್ಲಿ ಕುಸನೂರಿನಲ್ಲಿ ಅದನ್ನು ಕಿತ್ತು ಹಚ್ಚಿದವರ ನೆನಪಿಗಾಗಿ ಮಾತ್ರವಲ್ಲ, ಎಳೆಯ ನೀಲಗಿರಿ ಒಣಗುವಾಗ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಕಾಡಿನ ಕಮರ, ಹೊನ್ನೆ, ಮತ್ತಿಗಳು ಬಾಳಿಕೆಯಲ್ಲಿ ಎಲ್ಲವನ್ನೂ ಮೀರಿಸುತ್ತವೆ ನಿಜ. ಆದರೆ ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ. ಅದರ ಸುತ್ತಲಿನ ಕುರುಚಲು ಕಾಡು ಈಗಷ್ಟೇ ಉಸಿರಾಡುತ್ತಿದೆ. ಒಬ್ಬನ ಅಟ್ಟಣೆಗಾಗಿ ಅಲ್ಲಿ ಒಂದು ಕಮರ ಬಿದ್ದರೂ ಅದು ಕಳವೇ. ‘ಒಣಮರ ತಂದೆ’ ಎಂಬ ನೆಪವೂ ಬೇಡ. ಒಣಮರದ ಪೊಟರೆ ಮರಕುಟಿಗಕ್ಕೂ ಗೂಬೆಗೂ ಮನೆ.

ಕಟ್ಟುವ ಬಗೆಯಲ್ಲಿ ನಮ್ಮ ಜಿಲ್ಲೆಗೆ ಒಂದು ವರವಿದೆ: ಕಲ್ಲು. ಬೇಲಿಗೆ ನೆಡುವ ಕಲ್ಲುಕಂಬವನ್ನೇ ಅಟ್ಟಣೆಗೆ ಕಾಲಾಗಿ ನೆಟ್ಟರೆ ಮರಕ್ಕೂ ಮಣ್ಣಿಗೂ ಸಂಬಂಧವೇ ಇರುವುದಿಲ್ಲ. ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಏರಿದರೂ ಕಣ್ಣಿಗೆ ಕಾಣುತ್ತದೆ, ಪೊರಕೆಯಿಂದ ಒರಸಿ ಹಾಕಬಹುದು. ಇದಕ್ಕಾಗಿಯೇ ಅಟ್ಟಣೆಯ ಕೆಳಗೆ ಬಗ್ಗಿ ನೋಡುವಷ್ಟು ಜಾಗ ಬಿಡಬೇಕು. ಕೊಯ್ದ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ರಿಪೀಸು ಇಟ್ಟು, ಗಾಳಿಯಾಡುವಂತೆ ಒಟ್ಟಬೇಕು. ತುದಿಗಳಿಗೆ ಬಣ್ಣವನ್ನೋ ಸಗಣಿ ಬೆರೆಸಿದ ಮಣ್ಣನ್ನೋ ಬಳಿದರೆ ಸೀಳು ಕಡಿಮೆ. ಬಿಸಿಲಿನಲ್ಲಿ ಹರಡಿ ‘ಬೇಗ ಒಣಗಲಿ’ ಎನ್ನುವವರ ಹಲಗೆ ದೋಣಿಯಾಗುತ್ತದೆ. ಹಲಗೆ ಹಲಗೆಯ ನಡುವೆ ಕಾಲಂಗುಲದಷ್ಟು ಸಂದಿರಲಿ, ನೀರು ನಿಲ್ಲಬಾರದು. ಗಟ್ಟಿಮರಕ್ಕೆ ಮೊದಲು ತೂತು ಕೊರೆದು ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂ ಹಾಕಬೇಕು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪಾಗಿಸುತ್ತದೆ.

ಕೊನೆಗೆ ಬಳಿಯುವುದೇನು? ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವ ರೂಢಿ ಇದೆ. ಅದರಲ್ಲಿ ಎಂಜಿನ್ನಿನ ಲೋಹದ ಕಲ್ಮಶವೂ ಕ್ಯಾನ್ಸರ್‌ಕಾರಕ ವಸ್ತುಗಳೂ ಇವೆ. ಮಳೆಯಲ್ಲಿ ತೊಳೆದು ಬಾವಿಗೆ ಇಳಿಯುತ್ತದೆ. ಹೊಂಗೆ ಎಣ್ಣೆ ನಮ್ಮದೇ ಆದರೂ ಅದು ಒಣಗಿ ಪೊರೆಯಾಗುವ ಎಣ್ಣೆಯಲ್ಲ, ಜಿಗುಟಾಗಿ ಧೂಳು ಹಿಡಿಯುತ್ತದೆ. ಹಲಗೆಯ ಅಡಿಭಾಗಕ್ಕೆ ಸರಿ, ಮೇಲಕ್ಕೆ ಬೇಡ. ಮೇಲಕ್ಕೆ ಅಗಸೆ ಎಣ್ಣೆ, ವರ್ಷಕ್ಕೊಮ್ಮೆ. ಇನ್ನೂ ಹೆಚ್ಚು ತಿಳಿಯಬೇಕೆನ್ನುವ ವಿದ್ಯಾರ್ಥಿಗಳು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು; ಅದು ಸರ್ಕಾರದ ಸಂಸ್ಥೆ, ಪ್ರಶ್ನೆ ಕೇಳಲು ಸಂಕೋಚ ಬೇಡ.

ಒಂದು ಆಕ್ಷೇಪಣೆಗೆ ಉತ್ತರಿಸಲೇಬೇಕು. ಬಳ್ಳಾರಿ ಜಾಲಿಗೆ ಬೆಲೆ ಬಂದರೆ ಜನ ಅದನ್ನು ಉಳಿಸಿಕೊಳ್ಳಲು ನೋಡುವುದಿಲ್ಲವೇ, ಕೀಳಬೇಕಾದ ಕಳೆ ಬೆಳೆಯಾಗುವುದಿಲ್ಲವೇ? ಈ ಭಯ ಹುಸಿಯಲ್ಲ. ಇದ್ದಿಲಿನ ವ್ಯಾಪಾರದಲ್ಲಿ ಆಗಿರುವುದೂ ಅದೇ: ಗುತ್ತಿಗೆದಾರನು ಬುಡ ಬಿಟ್ಟು ಕಡಿಯುತ್ತಾನೆ, ಬುಡ ಹತ್ತು ಕವಲಾಗಿ ಚಿಗುರುತ್ತದೆ, ಮೂರು ವರ್ಷಕ್ಕೆ ಮತ್ತೆ ಹರಾಜು. ಪಕ್ಕದ ತಮಿಳುನಾಡು ಇಂಥ ಆಕ್ರಮಣಕಾರಿ ಸಸ್ಯಗಳನ್ನು ತೆಗೆಯಲು 2022ರಲ್ಲಿ ಒಂದು ನೀತಿಯನ್ನೇ ಮಾಡಿಕೊಂಡಿತು. ನಮ್ಮಲ್ಲಿಯೂ ಷರತ್ತು ಹರಾಜಿನ ಕಾಗದದಲ್ಲಿಯೇ ಇರಬೇಕು: ದಪ್ಪ ಕಾಂಡವನ್ನು ಊರಿನ ಬಡಗಿಗಳಿಗೆ ಬೇರೆ ತೆಗೆದಿಡುವುದು, ಬೇರುಸಹಿತ ಬುಡ ಕೀಳುವುದು, ಕಿತ್ತ ಜಾಗದಲ್ಲಿ ಏರಿಯ ಹಿಂದೆ ಹೊಂಗೆ, ಬೇವು, ಕರಿಜಾಲಿ ನೆಡುವುದು. ಸೌದೆ ಆಯುವ ಬಡ ಹೆಂಗಸರ ಪಾಲು ಎಷ್ಟೆಂದೂ ಅಲ್ಲಿಯೇ ಬರೆಯಬೇಕು. ಕೆರೆ ಪೂರ್ತಿ ಬೋಳಾದ ದಿನ ಅವರ ಒಲೆ ಹೇಗೆ ಉರಿಯಬೇಕೆಂದು ಕೇಳದ ಪರಿಸರವಾದ ನನಗೆ ಬೇಡ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ತೆಂಗು, ಬಳ್ಳಾರಿ ಜಾಲಿಯ ಜಾತಿ, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದವುಗಳಿಗೆ ಕಡಿತದ ಅನುಮತಿಯಿಂದ ವಿನಾಯಿತಿ ಇದೆ. ಬೇವು, ತೇಗ, ಹೊನ್ನೆಗಳನ್ನು ನಮ್ಮದೇ ಹೊಲದಲ್ಲಿ ಕಡಿಯುವುದಿದ್ದರೂ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಕೆರೆಯಂಗಳದ ಮರ ಖಾಸಗಿಯಲ್ಲ. ಅದು ಪಂಚಾಯಿತಿಯದೋ ಬೇರೆ ಇಲಾಖೆಯದೋ ಎಂಬುದು ಕೆರೆಯಿಂದ ಕೆರೆಗೆ ಬದಲಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಜಾಲಿ ಹರಾಜಿನ ವಿಷಯ ಬಂದಾಗ ಎದ್ದು ನಿಂತು ಕೇಳಬೇಕಾದ ಮೊದಲ ಪ್ರಶ್ನೆ ಅದು. ಹೋದ ಸಲದ ಹರಾಜಿನಲ್ಲಿ ಟನ್ನಿಗೆ ಎಷ್ಟು ಬಂತು, ಬುಡ ಕಿತ್ತರೇ ಬಿಟ್ಟರೇ ಎಂಬುದು ಎರಡನೆಯದು.